ಏನೂ ಆಗದಿರಲಿ ಎಂದು

ಇಪ್ಪತ್ತಾರು ವರ್ಷದಿಂದ ನನ್ನ ಕೆಲಸ ನೀರು ಹನಿಸುವುದು.
ಕೊರುನ್ಯದ ಆಸ್ಪತ್ರೆ, ಮೂರನೇ ಮಹಡಿ, ಕಿಟಕಿಯಿಲ್ಲದ ಕೋಣೆ.
ಕೊಯ್ಯುವವರು ಬೇರೆ, ಮಂಪರು ಕೊಡುವವರು ಬೇರೆ.
ಬೆಳಕು ಕಂಡರಿಯದ ಕರುಳು ಬೆಳಕಿಗೆ ಬಿದ್ದಾಗ
ಒಣಗದ ಹಾಗೆ
ಮೈಬಿಸಿಯಷ್ಟೇ ಬಿಸಿಯಾದ ಉಪ್ಪುನೀರು
ಹನಿಸುತ್ತ ನಿಲ್ಲುವವಳು ನಾನು, ಎರುಂದಿನಾ.

ಸೋಮವಾರ ಮೇಜಿನ ಮೇಲಿದ್ದವಳು ದೊಸಿಂದಾ,
ಮಲ್ಪಿಕಾ ಬಂದರಿನಲ್ಲಿ ಹರಿದ ಬಲೆ ಹೆಣೆಯುವವಳು.
ಹನ್ನೊಂದು ವರ್ಷದ ಹಿಂದೆ ಗರ್ಭಕೋಶ ತೆಗೆಸಿದ್ದಳು.
ಗಾಯ ಮಾಯಿತು, ಹೊಲಿಗೆ ಬಿಚ್ಚಿದರು, ಮರೆತೂ ಬಿಟ್ಟಳು.
ಒಳಗಿನದು ಮರೆಯಲಿಲ್ಲ.
ಕರುಳಿಗೂ ಗೋಡೆಗೂ, ಕರುಳಿಗೂ ಕರುಳಿಗೂ ನಡುವೆ
ಒಂದೊಂದೇ ಎಳೆ ಎಳೆದು
ಬೇಡದ ಸಂಸಾರ ಹೂಡಿತ್ತು.
ಅದರಲ್ಲೊಂದು ಎಳೆ ಶನಿವಾರ ರಾತ್ರಿ ಉರುಳಾಯಿತು.
ಹಸಿರು ವಾಂತಿ, ಡೊಳ್ಳಿನಂತೆ ಬಿಗಿದ ಹೊಟ್ಟೆ,
ಜತೆಗೊಂದು ಪ್ರಶ್ನೆ: "ಸಾರ್ಡೀನು ತಿಂದದ್ದು ತಪ್ಪಾಯ್ತಾ?"

ಅಂಟಿಗೂ ನಂಟಿಗೂ ಒಂದೇ ಅಕ್ಷರದ ಅಂತರ.
ಒಡಲಿಗೆ ಓದು ಬಾರದು.

ಡಾಕ್ಟರ್ ಬ್ರೆಯ್ಶೊ ನನ್ನ ಮಗನಿಗಿಂತ ಚಿಕ್ಕವನು.
ಬೆಣ್ಣೆಯಿಂದ ಕೂದಲೆಳೆದ ಹಾಗೆ ಎಳೆ ಬಿಡಿಸಿದ.
ಎಲ್ಲವನ್ನೂ ಅಲ್ಲ; ಬಿಡಿಸಿದಷ್ಟೂ ಹೊಸ ಗಾಯ,
ಹೊಸ ಗಾಯವಾದಷ್ಟೂ ಹೊಸ ಅಂಟು.
"ತಂಟೆ ಮಾಡದವರ ತಂಟೆಗೆ ಹೋಗುವುದು ಬೇಡ," ಎಂದ.
ಒಣಬಟ್ಟೆ ಚಾಚಿದ ಹೊಸ ಹುಡುಗಿಯ ಕೈ ತಡೆದೆ.
ಈ ಪೊರೆ ಈರುಳ್ಳಿಯ ಒಳಪರೆಗಿಂತ ತೆಳು.
ಉಜ್ಜಿದರೆ ತರಚುತ್ತದೆ, ತರಚಿದ್ದು ಒಸರುತ್ತದೆ,
ಒಸರಿದ್ದು ಗೋಂದಾಗಲು
ಮೂರು ಗಂಟೆ ಸಾಕು.

ನಾನು ಸೇರಿದ ಹೊಸತರಲ್ಲಿ ಕೈಗವಸಿಗೆ ಹಿಟ್ಟು ಬಳಿದಿರುತ್ತಿತ್ತು.
ಸಿಸ್ಟರ್ ಒಬ್ದುಲಿಯಾ ಬಾಗಿಲಲ್ಲೇ ಬೇಸಿನ್ ಹಿಡಿದು
ಎರಡೆರಡು ಸಲ ತೊಳೆಸುತ್ತಿದ್ದಳು.
ಸರ್ಜನ್ನರು ಗೊಣಗಿದರೆ,
"ಹಿಟ್ಟು ಕಲಸುವ ಕೈ ಅಡುಗೆಮನೆಗಿರಲಿ ಡಾಕ್ಟರೇ."
ಆ ಬೇಸಿನ್ನಿನ ಮಸಕು ನೀರಿನಲ್ಲಿ
ಎಷ್ಟು ಜನರ ಹೊಟ್ಟೆನೋವು ಹರಿದುಹೋಯಿತೋ
ಲೆಕ್ಕ ಇಟ್ಟವರಿಲ್ಲ. ಅವಳೂ ಇಡಲಿಲ್ಲ.

ಮುಚ್ಚುವ ಮೊದಲು ಬ್ರೆಯ್ಶೊ ಕೈ ಒರೆಸಿಕೊಂಡ.
ಹಸಿ ಹಪ್ಪಳದಷ್ಟಗಲದ, ಆಚೆಬದಿ ಕಾಣುವಂಥ ಹಾಳೆ;
ಒದ್ದೆ ಬೆರಳು ತಾಕಿದರೆ ಬೆರಳಿಗೇ ಅಂಟುತ್ತದೆ.
ಮೊದಲನೆಯದು ಮುರಿಯಿತು.
ಬೆಲೆ ನೆನೆದು ನಾನು ಉಗುಳು ನುಂಗಿದೆ.
ಎರಡನೆಯದು ಕೂತಿತು, ಕರುಳಿಗೂ ಹೊಲಿಗೆಗೂ ನಡುವೆ,
ಕಿತ್ತಾಡುವ ಮೊಮ್ಮಕ್ಕಳ ಮಧ್ಯೆ ಮಲಗಿದ ಅಜ್ಜಿಯ ಥರ.
ವಾರದೊಳಗೆ ಅದು ಕರಗಿ ಹೋಗುತ್ತದೆ.
ಅಷ್ಟರಲ್ಲಿ ಮೈ ತನ್ನ ಪೊರೆ ತಾನೇ ನೇಯ್ದುಕೊಂಡರೆ
ಬದುಕಿದೆವು.

ಮಾರನೆಯ ಬೆಳಿಗ್ಗೆ ಎಬ್ಬಿಸಿ ನಡೆಸಿದೆ.
ಹೊಟ್ಟೆಗೆ ದಿಂಬು ಅವುಚಿಕೊಂಡು
ಗ್ಲುಕೋಸಿನ ಕಂಬ ತಳ್ಳುತ್ತ ಕೇಳಿದಳು:
"ನಡೆದರೆ ಮತ್ತೆ ಅಂಟೋದಿಲ್ಲ ತಾನೇ?"
"ಆಣೆ ಮಾಡಲಾರೆ. ಕರುಳಿಗೆ ಎಚ್ಚರವಾಗುತ್ತದೆ, ಅಷ್ಟು ಗೊತ್ತು."
ಸ್ವಲ್ಪ ದೂರ ಸುಮ್ಮನಿದ್ದಳು. ಆಮೇಲೆ ಬಲೆಯ ಮಾತೆತ್ತಿದಳು.
"ಹರಿದಲ್ಲಿ ಮಾತ್ರ ಗಂಟು ಹಾಕಬೇಕು.
ಹೊಸದಾಗಿ ಬಂದ ಹುಡುಗಿಯರು ಪಕ್ಕದ ಕಣ್ಣನ್ನೂ
ಸೇರಿಸಿ ಕಟ್ಟಿಬಿಡುತ್ತಾರೆ. ಒಳ್ಳೆಯ ಮನಸ್ಸೇ. ಅವಸರ.
ಬೈಯೋದಕ್ಕೂ ಆಗಲ್ಲ."
ಹೇಳುತ್ತ ಹೊಟ್ಟೆ ಸವರಿಕೊಂಡಳು,
ಅಂಥ ಹುಡುಗಿಯೊಬ್ಬಳ ತಲೆ ಸವರಿದ ಹಾಗೆ.

ಇನ್ನು ಹತ್ತು ವರ್ಷದ ಮೇಲೆ ಯಾವುದೋ ಶನಿವಾರ
ಸಾರ್ಡೀನು ತಿಂದು ಅವಳು ಸುಮ್ಮನೆ ನಿದ್ದೆ ಹೋಗಬಹುದು.
ಅದು ನಮ್ಮ ಕೆಲಸವೋ ಅವಳ ಅದೃಷ್ಟವೋ
ಅವಳಿಗೂ ತಿಳಿಯದು, ನಮಗೂ.

ಮೂರನೆಯ ಸಂಜೆ ಬೆರಳು ಮಡಿಸಿ ಹತ್ತಿರ ಕರೆದಳು,
ಗುಟ್ಟು ಹೇಳುವವಳಂತೆ. "ಹೂಸು ಬಂತು."
ನಕ್ಕೆವು. ನಕ್ಕರೆ ನೋವೆಂದು ದಿಂಬು ಒತ್ತಿಕೊಂಡು
ಮತ್ತೂ ನಕ್ಕಳು.
ಚಾರ್ಟಿನಲ್ಲಿ ಬರೆದೆ:
ಗಾಳಿ ಹೋಗಿದೆ. ಆರು ನಲವತ್ತು.